ಹೆಸರು ಮರೆಮಾಚಿದ ನಿಸ್ತಂತು ಜಾಲಗಳು: ಸಂಪರ್ಕ ಮತ್ತು ಸಂರಕ್ಷಣೆ

ಆಕಾಶವಾಣಿಯು 1990ರ ದಶಕದಲ್ಲಿ ಯಲಹಂಕದಲ್ಲಿ 500 ಕಿಲೋವ್ಯಾಟ್ ಸಾಮರ್ಥ್ಯದ ಹ್ರಸ್ವತರಂಗ ಪ್ರೇಷಕಗಳನ್ನು ಸ್ಥಾಪಿಸಿದಾಗ, ಇಲ್ಲಿಂದ ಹೊರಟ ಧ್ವನಿ ಸಮುದ್ರಗಳನ್ನು ದಾಟಿ ಪರದೇಶಗಳನ್ನು ಮುಟ್ಟುವಂತಾಯಿತು. ಅದೇ ಯಲಹಂಕದ ಮನೆಮನೆಗಳಲ್ಲಿಯೂ ಶಾಲೆ ಕಚೇರಿಗಳಲ್ಲಿಯೂ ಇಂದು ಪುಸ್ತಕದ ಗಾತ್ರದ ಪುಟ್ಟ ಪ್ರೇಷಕವೊಂದು ಗೋಡೆಯನ್ನಾತು ಕುಳಿತಿದೆ. ವೈಫೈ ರೂಟರ್ ಎಂದು ನಾವು ಕರೆಯುವ ಈ ಉಪಕರಣದ ಪ್ರಸಾರ ಸಾಮರ್ಥ್ಯ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ಅಂದರೆ ಆ ದೊಡ್ಡ ಪ್ರೇಷಕದ ಐವತ್ತು ಲಕ್ಷದಲ್ಲಿ ಒಂದು ಪಾಲು. ಶಕ್ತಿಯಲ್ಲಿ ಅಜಗಜಾಂತರವಿದ್ದರೂ ಎರಡಕ್ಕೂ ಒಂದು ಗುಣ ಸಮಾನವಾಗಿದೆ. ಒಮ್ಮೆ ಹೊರಬಿದ್ದ ತರಂಗವು ಕೇಳುವವನು ಯಾರೆಂದು ವಿಚಾರಿಸಿ ಹೋಗುವುದಿಲ್ಲ; ಕಾಂಪೌಂಡಿನ ಗೋಡೆಯನ್ನೂ ಬಾಗಿಲಲ್ಲಿ ನಿಂತ ಕಾವಲುಗಾರನನ್ನೂ ಅದು ಲೆಕ್ಕಿಸುವುದಿಲ್ಲ.

ಈ ಕಾರಣದಿಂದಲೇ ಅನೇಕರು ತಮ್ಮ ಜಾಲದ ಹೆಸರು ಬೇರೆಯವರ ಫೋನಿನಲ್ಲಿ ಕಾಣದಂತೆ ಮರೆಮಾಡುತ್ತಾರೆ. ಹೆಸರೇ ಕಾಣದಿದ್ದ ಮೇಲೆ ಒಳಗೆ ಬರುವವರು ಯಾರು ಎಂಬುದು ಅವರ ತರ್ಕ. ಈ ತರ್ಕ ಎಷ್ಟರಮಟ್ಟಿಗೆ ಸರಿ, ಅಂತಹ ಜಾಲಕ್ಕೆ ಸಂಪರ್ಕ ಪಡೆಯುವ ಕ್ರಮವೇನು, ನಿಜವಾದ ರಕ್ಷಣೆ ಯಾವುದರಲ್ಲಿದೆ ಎಂಬುದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರು ಸಾರುವ ಬಗೆ

ನಿಸ್ತಂತು ಜಾಲಗಳ ನಡವಳಿಕೆಯನ್ನು ಗೊತ್ತುಪಡಿಸಿದ ಅಂತರರಾಷ್ಟ್ರೀಯ ಮಾನಕವು ಮೊದಲು ಪ್ರಕಟವಾದುದು 1997ರಲ್ಲಿ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಅಲ್ಪ ಸಾಮರ್ಥ್ಯದ ಉಪಕರಣಗಳಿಗಾಗಿ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಒಂದು ಕಾಲದಲ್ಲಿ ಮನೆಯ ರೇಡಿಯೋ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸುತ್ತಿದ್ದುದನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಬಲ್ಲರು. ಇಂದು ಪ್ರತಿಯೊಂದು ಮನೆಯೂ ಯಾವ ಲೈಸೆನ್ಸೂ ಇಲ್ಲದೆ ತಾನೇ ಒಂದು ಪ್ರಸಾರ ಕೇಂದ್ರವಾಗಿದೆ.

ಆಕಾಶವಾಣಿಯ ಕೇಂದ್ರವು ಕಾರ್ಯಕ್ರಮಗಳ ನಡುವೆ ತನ್ನ ಹೆಸರನ್ನು ಹೇಳಿಕೊಳ್ಳುವಂತೆ ರೂಟರ್ ಸಹ ತನ್ನ ಹೆಸರನ್ನು ಸಾರುತ್ತದೆ. ಆದರೆ ಅದು ಸಾರುವುದು ಸೆಕೆಂಡಿಗೆ ಸುಮಾರು ಹತ್ತು ಸಲ. ಈ ಚಿಕ್ಕ ಪ್ರಕಟಣೆಗೆ ಬೀಕನ್ ಎಂದು ಹೆಸರು. ಜಾಲದ ಹೆಸರು, ಉಪಕರಣದ ಯಂತ್ರಸಂಖ್ಯೆ, ಬಳಸುತ್ತಿರುವ ಚಾನೆಲ್, ಅನುಸರಿಸುತ್ತಿರುವ ಭದ್ರತಾ ವಿಧಾನ ಇವೆಲ್ಲವೂ ಅದರಲ್ಲಿರುತ್ತವೆ. ಆರ್.ಟಿ. ನಗರದ ಯಾವುದಾದರೂ ಓಣಿಯಲ್ಲಿ ನಿಂತು ಫೋನು ತೆರೆದರೆ ಹತ್ತಾರು ಜಾಲಗಳ ಪಟ್ಟಿ ಕಾಣುವುದು ಈ ಪ್ರಕಟಣೆಗಳಿಂದಲೇ.

ಹೆಸರಿಗೆ ದೊರೆಯುವ ಸ್ಥಳ 32 ಬೈಟುಗಳು ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಪ್ರಚಲಿತ ರೂಪದಲ್ಲಿ ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಮೂರು ಬೈಟು ಬೇಕು. 'ಯಲಹಂಕ' ಎಂದು ಹೆಸರಿಟ್ಟರೆ 15 ಬೈಟು, 'ಯಶವಂತಪುರ' ಎಂದರೆ 24 ಬೈಟು ವೆಚ್ಚವಾಗುತ್ತದೆ. ಕನ್ನಡದಲ್ಲಿ ಹೆಸರಿಡುವುದು ಸಾಧ್ಯ, ಆದರೆ ಚಿಕ್ಕದಾಗಿರಬೇಕು.

ರೂಟರಿನಲ್ಲಿ ಹೆಸರನ್ನು ಮರೆಮಾಡುವ ವ್ಯವಸ್ಥೆಯನ್ನು ಆರಿಸಿದಾಗ ಪ್ರಸಾರ ನಿಲ್ಲುವುದಿಲ್ಲ. ಬೀಕನ್ ಎಂದಿನಂತೆಯೇ ಹೊರಡುತ್ತಿರುತ್ತದೆ; ಹೆಸರಿನ ಸ್ಥಳವೊಂದು ಮಾತ್ರ ಖಾಲಿಯಾಗಿರುತ್ತದೆ. ಬಾಗಿಲ ಮೇಲಿನ ಹೆಸರಿನ ಫಲಕವನ್ನು ತೆಗೆದ ಮಾತ್ರಕ್ಕೆ ಮನೆ ಮಾಯವಾಗುವುದಿಲ್ಲವಷ್ಟೆ.

ಸಂಪರ್ಕ ಪಡೆಯುವ ಕ್ರಮ

ಇಂತಹ ಜಾಲದ ಹೆಸರು ಫೋನಿನ ಪಟ್ಟಿಯಲ್ಲಿ ಕಾಣದ ಕಾರಣ ನಾವೇ ಅದನ್ನು ಬರೆದು ತಿಳಿಸಬೇಕಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಪುಟದ ವೈಫೈ ವಿಭಾಗಕ್ಕೆ ಹೋಗಿ, ಪಟ್ಟಿಯ ಕೊನೆಯಲ್ಲಿರುವ 'ನೆಟ್‌ವರ್ಕ್ ಸೇರಿಸಿ' ಎಂಬುದನ್ನು ಒತ್ತಬೇಕು. ಐಫೋನಿನಲ್ಲಿ 'ಇತರೆ' ಎಂಬ ಅರ್ಥದ ಆಯ್ಕೆಯೂ, ವಿಂಡೋಸ್ ಗಣಕದಲ್ಲಿ 'ಹಿಡನ್ ನೆಟ್‌ವರ್ಕ್' ಎಂಬ ಆಯ್ಕೆಯೂ ಇದೇ ಕೆಲಸವನ್ನು ಮಾಡುತ್ತವೆ.

ಆಮೇಲೆ ಮೂರು ವಿವರಗಳನ್ನು ತುಂಬಬೇಕು. ಮೊದಲನೆಯದು ಜಾಲದ ಹೆಸರು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ನಡುವಣ ತೆರಪು ಇವುಗಳಲ್ಲಿ ಒಂದು ತಪ್ಪಿದರೂ ಸಂಪರ್ಕ ದೊರೆಯದು. ಎರಡನೆಯದು ಭದ್ರತೆಯ ವಿಧ. ರೂಟರಿನಲ್ಲಿ ಯಾವುದಿದೆಯೋ ಅದಕ್ಕೆ ಹೊಂದುವುದನ್ನೇ ಇಲ್ಲಿಯೂ ಆರಿಸಬೇಕು. ಹೆಸರೂ ಗುಪ್ತಪದವೂ ಸರಿಯಾಗಿದ್ದು ಸಂಪರ್ಕ ಸಿಕ್ಕದಿದ್ದರೆ ಎಡವಟ್ಟು ಅನೇಕ ವೇಳೆ ಇಲ್ಲಿಯೇ ಇರುತ್ತದೆ. ಮೂರನೆಯದು ಗುಪ್ತಪದ. ಕೆಲವು ಫೋನುಗಳಲ್ಲಿ ಇದು ಮರೆಮಾಡಿದ ಜಾಲವೆಂಬುದನ್ನೂ ಪ್ರತ್ಯೇಕವಾಗಿ ಸೂಚಿಸಬೇಕಾಗುತ್ತದೆ. ಹೆಸರು ಬಹಿರಂಗವಾಗಿರುವ ಜಾಲಗಳಿಗೆ ಈ ಸೂಚನೆಯನ್ನು ಎಂದಿಗೂ ಕೊಡಬಾರದು; ಅದರ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಬೆಕ್ಕು ಕಣ್ಣು ಮುಚ್ಚಿದಂತೆ

ಈಗ ಮುಖ್ಯ ವಿಚಾರಕ್ಕೆ ಬರೋಣ. ರೂಟರ್ ಹೆಸರು ಹೇಳದಿದ್ದರೆ ಸಂಪರ್ಕ ಬಯಸುವ ಫೋನು ಅದನ್ನು ಪತ್ತೆಹಚ್ಚುವ ಬಗೆ ಹೇಗೆ? ಫೋನೇ ಹೆಸರು ಹಿಡಿದು ಕೂಗಬೇಕು: "ಇಂಥ ಹೆಸರಿನ ಜಾಲ ಇಲ್ಲಿ ಇದೆಯೇ?" ರೂಟರ್ ಅದಕ್ಕೆ "ಇದ್ದೇನೆ" ಎಂದು ಓಗೊಡುತ್ತದೆ. ಈ ಕೂಗು, ಈ ಓಗೊಡುವಿಕೆ, ಅನಂತರದ ಸೇರ್ಪಡೆಯ ಕೋರಿಕೆ ಈ ಮೂರರಲ್ಲಿಯೂ ಹೆಸರು ಯಾವ ಮುಸುಕೂ ಇಲ್ಲದೆ ಗಾಳಿಯಲ್ಲಿ ಹೋಗುತ್ತದೆ. ತರಂಗಗಳನ್ನು ಆಲಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಅಂತಹದೊಂದನ್ನು ಇಟ್ಟುಕೊಂಡು ರಸ್ತೆಯ ಬದಿಯಲ್ಲಿ ಕುಳಿತವನಿಗೆ, ಶಾಲೆಯ ಒಬ್ಬ ಉಪಾಧ್ಯಾಯರ ಫೋನು ಜಾಲಕ್ಕೆ ಸೇರಿದ ಕ್ಷಣವೇ ಹೆಸರು ತಿಳಿದುಬಿಡುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೆ ಇದ್ದೀತೆ?

ಇದು ನಿಷ್ಪ್ರಯೋಜಕವೆಂದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮರೆಮಾಡುವುದರಿಂದ ಹೊಸದೊಂದು ಅಪಾಯವೂ ಒದಗುತ್ತದೆ. ಮರೆಮಾಡಿದ ಜಾಲವನ್ನು ನೆನಪಿಟ್ಟುಕೊಂಡ ಫೋನಿಗೆ ತಾನೀಗ ಎಲ್ಲಿದ್ದೇನೆಂಬುದು ತಿಳಿಯದು. ಆದ್ದರಿಂದ ಅದು ಹೆಬ್ಬಾಳದ ಮೇಲುಸೇತುವೆಯ ವಾಹನಸಂದಣಿಯಲ್ಲಿಯೂ ಯಶವಂತಪುರದ ರೈಲು ನಿಲ್ದಾಣದಲ್ಲಿಯೂ ಮದುವೆಯ ಛತ್ರದಲ್ಲಿಯೂ ಆ ಹೆಸರನ್ನು ಕೂಗಿ ಹುಡುಕುತ್ತಲೇ ಇರುತ್ತದೆ. ಒಂದು ಕಟ್ಟಡದೊಳಗೆ ಅಡಗಿರಬೇಕಾಗಿದ್ದ ಹೆಸರು ಹೀಗೆ ಊರೆಲ್ಲ ಹರಡುತ್ತದೆ. ಈಚಿನ ಫೋನುಗಳು ತಮ್ಮ ಯಂತ್ರಸಂಖ್ಯೆಯನ್ನು ಬದಲಿಸಿ ಬದಲಿಸಿ ಹೇಳುವ ಜಾಣ್ಮೆಯನ್ನು ಕಲಿತಿವೆ. ಆದರೆ ಕೂಗುವ ಹೆಸರಿನಲ್ಲಿಯೇ ಸಂಸ್ಥೆಯ ಗುರುತಿದ್ದರೆ ಆ ಜಾಣ್ಮೆಯಿಂದ ಫಲವೇನು?

ಈ ಕೂಗನ್ನು ಕೇಳಿದ ವಂಚಕನು ಅದೇ ಹೆಸರಿನ ನಕಲಿ ಜಾಲವೊಂದನ್ನು ತನ್ನ ಚೀಲದಲ್ಲಿಯೇ ಹೂಡಬಲ್ಲನು. ಗುಪ್ತಪದವಿಲ್ಲದ ಜಾಲವಾಗಿದ್ದರೆ ಫೋನು ಯಾವ ಶಂಕೆಯೂ ಇಲ್ಲದೆ ಅವನ ಬಲೆಗೆ ಬೀಳುತ್ತದೆ. ಗುಪ್ತಪದವಿದ್ದರೆ ಸಂಪರ್ಕ ಪೂರ್ಣವಾಗದು, ನಿಜ. ಆದರೆ ಇಂದು ಹೆಚ್ಚು ಬಳಕೆಯಲ್ಲಿರುವ ಡಬ್ಲ್ಯುಪಿಎ2 ವಿಧಾನದಲ್ಲಿ, ಆ ಅಪೂರ್ಣ ಸಂಭಾಷಣೆಯಲ್ಲಿ ಫೋನು ಕೊಟ್ಟ ಉತ್ತರವನ್ನು ಹಿಡಿದಿಟ್ಟುಕೊಂಡು, ಮನೆಗೆ ಹೋಗಿ, ಒಂದೊಂದೇ ಗುಪ್ತಪದವನ್ನು ಊಹಿಸಿ ತಾಳೆ ನೋಡಲು ಅವನಿಗೆ ಅವಕಾಶ ದೊರೆಯುತ್ತದೆ. ಆಗ ಉಳಿಯುವ ರಕ್ಷಣೆ ಗುಪ್ತಪದದ ಬಲವೊಂದೇ. ಎಲ್ಲ ಕಡೆಯಿಂದ ನೋಡಿದರೂ ನಾವು ಬಂದು ಸೇರುವುದು ಇದೇ ತೀರ್ಮಾನಕ್ಕೆ: ಹೆಸರು ಪರದೆ ಮಾತ್ರ, ಗುಪ್ತಪದವೇ ಬೀಗ.

ಆಯ್ದ ಯಂತ್ರಸಂಖ್ಯೆಗಳಿಗೆ ಮಾತ್ರ ಪ್ರವೇಶ ಕೊಡುವ ಕ್ರಮಕ್ಕೂ ಇದೇ ಮಾತು ಸಲ್ಲುತ್ತದೆ. ಆ ಸಂಖ್ಯೆಗಳೂ ಗಾಳಿಯಲ್ಲಿ ಬಹಿರಂಗವಾಗಿಯೇ ಸಾಗುತ್ತವೆ. ಅವನ್ನು ನಕಲು ಮಾಡುವುದು ಕಷ್ಟವಲ್ಲ.

2008ರ ಪಾಠ

ಅನ್ಯರು ನಮ್ಮ ಜಾಲಕ್ಕೆ ಬಂದರೆ ನಷ್ಟವೇನು, ಸ್ವಲ್ಪ ಇಂಟರ್ನೆಟ್ ತಾನೆ ಎಂದು ಕೇಳುವವರುಂಟು. ನಮ್ಮ ದೇಶವೇ ಇದಕ್ಕೆ ಉತ್ತರವನ್ನು ಕಂಡಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವುದಕ್ಕೆ ಕೆಲವೇ ನಿಮಿಷಗಳ ಮುನ್ನ ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆಯೊಂದು ಬಂದಿತು. ತನಿಖೆಯ ಜಾಡು ನವಿ ಮುಂಬಯಿಯಲ್ಲಿ ವಾಸವಾಗಿದ್ದ ವಿದೇಶೀಯನೊಬ್ಬನ ಮನೆಯ ನಿಸ್ತಂತು ಜಾಲಕ್ಕೆ ಕರೆದೊಯ್ದಿತು. ಆತನ ಜಾಲವನ್ನು ಅನ್ಯರು ದುರುಪಯೋಗಪಡಿಸಿಕೊಂಡಿದ್ದರೆಂಬುದು ಸ್ಪಷ್ಟವಾಗುವ ಮೊದಲು ಆತ ತನಿಖೆಯ ಬವಣೆಯನ್ನೆಲ್ಲ ಅನುಭವಿಸಬೇಕಾಯಿತು. ಆಗಸ್ಟಿನಲ್ಲಿ ಮುಂಬಯಿಯ ಮಾಟುಂಗದ ಕಾಲೇಜೊಂದರ ಜಾಲವೂ, ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಸಂದರ್ಭದಲ್ಲಿ ಚೆಂಬೂರಿನ ಜಾಲವೊಂದೂ ಇದೇ ರೀತಿ ಬಳಕೆಯಾದವು. 2009ರ ಜನವರಿಯಲ್ಲಿ ಮುಂಬಯಿಯ ಪೊಲೀಸರು ಬೀದಿಬೀದಿ ಸುತ್ತಿ ರಕ್ಷಣೆಯಿಲ್ಲದ ಜಾಲಗಳನ್ನು ಹುಡುಕಲು ತೊಡಗಿದರು. ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ನಿಸ್ತಂತು ಜಾಲಗಳ ಸುರಕ್ಷಿತ ಬಳಕೆಯ ಬಗ್ಗೆ ನಿರ್ದೇಶನಗಳನ್ನು ಹೊರಡಿಸಿತು. ಸಾರ್ವಜನಿಕ ಸ್ಥಳದ ವೈಫೈ ಬಳಸಲು ಇಂದು ಮೊಬೈಲ್ ಸಂಖ್ಯೆ ಕೊಟ್ಟು ಓಟಿಪಿ ಪಡೆಯಬೇಕಾಗಿರುವುದರ ಹಿನ್ನೆಲೆ ಇದು.

ಗಮನಿಸಬೇಕಾದುದೇನೆಂದರೆ, ಆ ವರ್ಷ ಸಿಲುಕಿದ ಮೂರು ಜಾಲಗಳಲ್ಲಿ ಒಂದು ವಿದ್ಯಾಸಂಸ್ಥೆಯದು. ತಪ್ಪು ಮಾಡಿದವನು ಹೊರಟುಹೋಗುತ್ತಾನೆ. ವಿಳಾಸ ಮಾತ್ರ ಜಾಲದ ಒಡೆಯನದಾಗಿ ಉಳಿಯುತ್ತದೆ.

ನಮಗೆ ಪರಿಚಯವಿರುವ ನಗರದ ಉತ್ತರ ಭಾಗದ ಶಾಲೆಯೊಂದರ ಸಂಗತಿಯನ್ನು ಹೇಳಬಹುದು. ಅಲ್ಲಿಯ ಕಚೇರಿಯ ಜಾಲದ ಹೆಸರನ್ನು ಜಾಗರೂಕತೆಯಿಂದ ಮರೆಮಾಡಲಾಗಿತ್ತು. ಗುಪ್ತಪದವಾದರೋ ಶಾಲೆಯ ಮುಂದಿನ ಫಲಕದಲ್ಲಿ ಬರೆದಿದ್ದ ದೂರವಾಣಿ ಸಂಖ್ಯೆಯೇ. ಹಿಂದಿನ ವರ್ಷ ತಾತ್ಕಾಲಿಕವಾಗಿ ಕೆಲಸ ಮಾಡಿ ಬಿಟ್ಟುಹೋಗಿದ್ದ ತರುಣನೊಬ್ಬ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವನ ಫೋನು ತಾನಾಗಿಯೇ ಕಚೇರಿಯ ಜಾಲಕ್ಕೆ ಸೇರಿಕೊಂಡಿತು. ಅವನು ಪ್ರಾಮಾಣಿಕ, ಒಳಗೆ ಬಂದು ತೋರಿಸಿದ. ಅದೇ ಜಾಲದಲ್ಲಿದ್ದ ಗಣಕದಲ್ಲಿ ಮಕ್ಕಳ ದಾಖಲಾತಿಯ ವಿವರಗಳೂ ಪೋಷಕರ ಮೊಬೈಲ್ ಸಂಖ್ಯೆಗಳೂ ದೇಣಿಗೆಯ ಲೆಕ್ಕವೂ ಇದ್ದವು. ಎಲ್ಲ ಶಾಲೆಗಳಿಗೂ ಇಂತಹ ಪ್ರಾಮಾಣಿಕರೇ ದೊರೆಯುತ್ತಾರೆಂಬ ಭರವಸೆ ಏನು?

ನಿಜವಾದ ಬೀಗ

ಬೀಗದ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಮೊದಲ ಮಾನಕದೊಡನೆ ಬಂದ ಡಬ್ಲ್ಯುಇಪಿ ಎಂಬ ಗೂಢಲಿಪಿ ವಿಧಾನದ ದೋಷವನ್ನು 2001ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಅದರ ಸ್ಥಾನದಲ್ಲಿ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2 ಬಂದವು. 2017ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕ ಮ್ಯಾಥಿ ವಾನ್‌ಹೂಫ್ ಇದರಲ್ಲಿಯೂ ಒಂದು ಬಿರುಕನ್ನು ಕಂಡುಹಿಡಿದಾಗ ತಯಾರಕರು ತಂತ್ರಾಂಶವನ್ನು ತಿದ್ದಿ ಅದನ್ನು ಮುಚ್ಚಿದರು. ತಮ್ಮ ಉಪಕರಣದ ತಂತ್ರಾಂಶವನ್ನು ನವೀಕರಿಸಿಕೊಳ್ಳದವರಿಗೆ ಮಾತ್ರ ಆ ಬಿರುಕು ಇಂದಿಗೂ ಉಳಿದಿದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ವಿಧಾನದಲ್ಲಿ, ಹಿಡಿದಿಟ್ಟ ಸಂಭಾಷಣೆಯನ್ನು ಮನೆಗೊಯ್ದು ಗುಪ್ತಪದವನ್ನು ಊಹಿಸುವ ದಾರಿಯನ್ನೇ ಕಟ್ಟಲಾಗಿದೆ. ಉಪಕರಣ ಒಪ್ಪುವುದಾದರೆ ಇದನ್ನೂ, ಇಲ್ಲವಾದರೆ ಡಬ್ಲ್ಯುಪಿಎ2ರ ಎಇಎಸ್ ಬಗೆಯನ್ನೂ ಆರಿಸಬೇಕು. ಡಬ್ಲ್ಯುಇಪಿ ಮಾತ್ರ ಇರುವ ಹಳೆಯ ಉಪಕರಣವನ್ನು ಬದಲಾಯಿಸುವುದೇ ಲೇಸು.

ಇನ್ನು ಗುಪ್ತಪದದ ಮಾತು. ಡಬ್ಲ್ಯುಪಿಎ2ರಲ್ಲಿ ಗುಪ್ತಪದವು 8ರಿಂದ 63 ಅಕ್ಷರಗಳವರೆಗೆ ಇರಬಹುದು. ಅದನ್ನು ಜಾಲದ ಹೆಸರಿನೊಡನೆ ಬೆರೆಸಿ 4096 ಸಲ ಮಥಿಸಿ ಬೀಗದ ಕೈಯನ್ನು ಸಿದ್ಧಪಡಿಸಲಾಗುತ್ತದೆ. ಈ ಶ್ರಮವನ್ನು ಮುಂಚಿತವಾಗಿಯೇ ಮಾಡಿಟ್ಟುಕೊಂಡ ಕೋಷ್ಟಕಗಳು ಸಾಮಾನ್ಯವಾದ ಹೆಸರುಗಳಿಗೆ ಸಿದ್ಧವಾಗಿ ದೊರೆಯುತ್ತವೆ. ಆದ್ದರಿಂದ ಕಂಪೆನಿ ಕೊಟ್ಟ ಹೆಸರನ್ನು ಬದಲಿಸಬೇಕು. ಹೆಸರನ್ನು ಮರೆಮಾಡುವುದಕ್ಕಿಂತ ಅದನ್ನು ಅಸಾಮಾನ್ಯವಾಗಿಡುವುದರಲ್ಲಿಯೇ ಲಾಭ ಹೆಚ್ಚು.

ಎಂಟು ಅಂಕೆಗಳ ಗುಪ್ತಪದಕ್ಕೆ ಇರುವ ಸಾಧ್ಯತೆಗಳು ಹತ್ತು ಕೋಟಿ. ಸಂಖ್ಯೆ ದೊಡ್ಡದೆನಿಸಬಹುದು. ಆದರೆ ಈಗಿನ ಪ್ರಬಲ ಗಣಕಗಳು ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸುತ್ತವೆ. ಹತ್ತು ಕೋಟಿ ಅವಕ್ಕೆ ಕೆಲವು ನಿಮಿಷಗಳ ಕೆಲಸ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಜೋಡಿಸಿ, ಇಪ್ಪತ್ತಕ್ಕೆ ಕಡಮೆಯಿಲ್ಲದಂತೆ ಉದ್ದಮಾಡುವುದು ಸುಲಭವಾದ ಉಪಾಯ. ನೆನಪಿಡಲೂ ಕಷ್ಟವಿಲ್ಲ. ಆದರೆ ಒಂದು ಎಚ್ಚರಿಕೆ: ಎಲ್ಲರ ನಾಲಗೆಯ ಮೇಲಿರುವ ವಚನದ ಸಾಲಾಗಲಿ, ಸಂಸ್ಥೆಯ ಹೆಸರಾಗಲಿ, ಸ್ಥಾಪನೆಯ ವರ್ಷವಾಗಲಿ ಗುಪ್ತಪದವಾಗಬಾರದು. ಸಂಸ್ಥೆಯನ್ನು ಬಲ್ಲವನು ಮೊದಲು ಊಹಿಸುವುದು ಅವನ್ನೇ.

ಗುಂಡಿಯೊತ್ತಿ ಅಥವಾ ಎಂಟು ಅಂಕೆಗಳ ಸಂಖ್ಯೆ ಕೊಟ್ಟು ಸಂಪರ್ಕ ಕಲ್ಪಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ನಿಲ್ಲಿಸುವುದು ಉತ್ತಮ. ಆ ಸಂಖ್ಯೆಯನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಯತ್ನಗಳಲ್ಲಿ ಅದನ್ನು ಕಂಡುಹಿಡಿಯಬಹುದೆಂಬುದು 2011ರಲ್ಲಿಯೇ ಬಯಲಾಯಿತು. ರೂಟರಿನ ಆಡಳಿತ ಪುಟದ ಗುಪ್ತಪದವನ್ನೂ ಬದಲಿಸಬೇಕು. ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಬಾಗಿಲ ಮೇಲೆಯೇ ನೇತುಹಾಕುವ ಅಭ್ಯಾಸ ಸಲ್ಲದು.

ಶಾಲೆಗಳಿಗೆ ಒಂದು ಸೂಚನೆ

ಇಂದು ನಮ್ಮ ರಾಜ್ಯದ ಶಾಲೆಗಳು ಪ್ರತಿಯೊಬ್ಬ ವಿದ್ಯಾರ್ಥಿಯ ವಿವರವನ್ನೂ ಎಸ್.ಎ.ಟಿ.ಎಸ್. ಮೊದಲಾದ ಸರ್ಕಾರಿ ತಾಣಗಳಲ್ಲಿ ತುಂಬಬೇಕಾಗಿದೆ. ಆ ವಿವರಗಳು ಸಾಗುವುದು ಅನೇಕ ಕಡೆ ಇದೇ ನಿಸ್ತಂತು ಜಾಲದ ಮೂಲಕ. ವೈಯಕ್ತಿಕ ವಿವರಗಳನ್ನು ಇಟ್ಟುಕೊಂಡವರು ಅವನ್ನು ತಕ್ಕ ಎಚ್ಚರಿಕೆಯಿಂದ ಕಾಪಾಡಬೇಕೆಂಬ ಹೊಣೆಯನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸ್ಪಷ್ಟವಾಗಿ ವಿಧಿಸಿದೆ; ಹದಿನೆಂಟು ವರ್ಷಕ್ಕೆ ಕೆಳಗಿನ ಮಕ್ಕಳ ವಿಷಯದಲ್ಲಿ ಅದು ವಿಶೇಷ ಕಟ್ಟುಪಾಡುಗಳನ್ನು ಹೇಳುತ್ತದೆ. ಕಾಯಿದೆಯಿಲ್ಲದಿದ್ದರೂ, ಮಗುವನ್ನು ನಮ್ಮ ಕೈಗೊಪ್ಪಿಸಿದ ತಂದೆತಾಯಿಗಳಿಗೆ ನಾವು ಸಲ್ಲಿಸಬೇಕಾದ ಋಣವಿದು.

ಆದ್ದರಿಂದ ಕಚೇರಿಗೆ ಒಂದು ಜಾಲ, ಮಕ್ಕಳ ಗಣಕ ಕೊಠಡಿಗೆ ಒಂದು, ಅತಿಥಿಗಳಿಗೆ ಮತ್ತೊಂದು ಎಂದು ಬೇರೆ ಬೇರೆ ಮಾಡಬೇಕು. ಇಂದಿನ ಬಹುತೇಕ ರೂಟರುಗಳಲ್ಲಿ ಅತಿಥಿ ಜಾಲದ ಅನುಕೂಲವಿದ್ದೇ ಇರುತ್ತದೆ. ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗೆ ಕಚೇರಿಯ ಗುಪ್ತಪದವನ್ನು ಹೇಳುವ ಔದಾರ್ಯ ಬೇಡ. ನೌಕರರೊಬ್ಬರು ಬಿಟ್ಟುಹೋದಾಗ ಗುಪ್ತಪದ ಬದಲಾಗಬೇಕು. ಇದು ಅವರ ಮೇಲಿನ ಅಪನಂಬಿಕೆಯಲ್ಲ, ಮುಂದೆ ಬರಬಹುದಾದ ಅಪವಾದದಿಂದ ಅವರಿಗೂ ರಕ್ಷಣೆ. ದೊಡ್ಡ ಸಂಸ್ಥೆಗಳಾದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು ಮತ್ತು ಗುಪ್ತಪದ ಕೊಡುವ ಎಂಟರ್‌ಪ್ರೈಸ್ ವ್ಯವಸ್ಥೆಯನ್ನು ಆರಿಸಿಕೊಳ್ಳುವುದು ಮೇಲು.

ಊರಿನ ನಡುವೆ

2014ರ ಜನವರಿ 24ರಂದು ರಾಜ್ಯ ಸರ್ಕಾರವು ಬೆಂಗಳೂರಿನಲ್ಲಿ 'ನಮ್ಮ ವೈಫೈ' ಎಂಬ ಉಚಿತ ಸೇವೆಯನ್ನು ಆರಂಭಿಸಿದಾಗ, ಮಹಾತ್ಮಾ ಗಾಂಧಿ ರಸ್ತೆಯೊಡನೆ ಯಶವಂತಪುರದ ಬಸ್ ನಿಲ್ದಾಣವೂ ಅದರ ಪಟ್ಟಿಯಲ್ಲಿತ್ತು. ಆ ಯೋಜನೆ ಬಹುಕಾಲ ಬಾಳಲಿಲ್ಲ. ಆದರೆ ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ಸೇವೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಸೇವೆ, 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯ ಅಂಗಡಿಗಳ ಸೇವೆ ಹೀಗೆ ಸಾರ್ವಜನಿಕ ಜಾಲಗಳು ನಮ್ಮ ದಿನಚರಿಯ ಭಾಗವಾಗಿವೆ.

ಇಂತಹ ಕಡೆ ನಾವು ಬೀಗದ ಒಡೆಯರಲ್ಲ, ದಾರಿಹೋಕರು. ಆದ್ದರಿಂದ ಜಾಲದ ಸರಿಯಾದ ಹೆಸರನ್ನು ಅಲ್ಲಿಯ ಫಲಕದಲ್ಲಿ ನೋಡಿಯೋ ಸಿಬ್ಬಂದಿಯನ್ನು ಕೇಳಿಯೋ ಖಚಿತಪಡಿಸಿಕೊಳ್ಳಬೇಕು. ತಾಣದ ವಿಳಾಸವು 'ಎಚ್‌ಟಿಟಿಪಿಎಸ್' ಎಂದು ಆರಂಭವಾಗಿದ್ದರೆ ನಮ್ಮ ಮತ್ತು ಆ ತಾಣದ ನಡುವಣ ಮಾತು ಗೂಢಲಿಪಿಯಲ್ಲಿರುತ್ತದೆ. ಜಾಲ ಯಾರದ್ದಾದರೂ ನಡುವಿನವನಿಗೆ ಅದು ಅರ್ಥವಾಗದು. ಆದರೆ ತಾಣವೇ ಪ್ರಾಮಾಣಿಕವೆಂಬುದಕ್ಕೆ ಅದು ಪ್ರಮಾಣಪತ್ರವಲ್ಲ. ಬ್ಯಾಂಕಿನ ವ್ಯವಹಾರಕ್ಕೆ ಸ್ವಂತ ಮೊಬೈಲಿನ ಸಂಪರ್ಕವನ್ನೇ ಬಳಸುವುದು ಕ್ಷೇಮ. ಕೆಲಸ ಮುಗಿದ ಮೇಲೆ ಆ ಜಾಲವನ್ನು ಫೋನಿನ ನೆನಪಿನಿಂದ ಅಳಿಸಿ, ತಾನಾಗಿಯೇ ಸೇರುವ ಅನುಮತಿಯನ್ನು ರದ್ದುಮಾಡಬೇಕು. ಹಿಂದೆಂದೋ ಸೇರಿಸಿ ಮರೆತ ಗುಪ್ತಜಾಲಗಳ ಹೆಸರು ಫೋನಿನಲ್ಲಿ ಉಳಿದಿದ್ದರೆ ಅವನ್ನೂ ಅಳಿಸಿದಾಗಲೇ ಆ ಕೂಗು ನಿಲ್ಲುವುದು.

ಉಪಸಂಹಾರ

ಮರೆಮಾಡಿದ ಹೆಸರು ತನ್ನಷ್ಟಕ್ಕೆ ದೋಷವಲ್ಲ. ನೆರೆಯವರ ಪಟ್ಟಿಯಲ್ಲಿ ಒಂದು ಹೆಸರು ಕಡಮೆಯಾಗುವಷ್ಟು ಅನುಕೂಲ ಅದರಿಂದ ಆಗಬಹುದು. ಅದನ್ನೇ ರಕ್ಷಣೆಯೆಂದು ನಂಬಿ ಬೀಗ ಹಾಕುವುದನ್ನು ಮರೆಯುವುದೇ ದೋಷ. ಈ ಸಂಚಿಕೆಯನ್ನು ಓದುವ ಉಪಾಧ್ಯಾಯರು ತಮ್ಮ ಶಾಲೆಯ ರೂಟರಿನ ಗುಪ್ತಪದ ಯಾವಾಗ ಬದಲಾಯಿತೆಂದು ಒಮ್ಮೆ ವಿಚಾರಿಸಲಿ. ತಂತ್ರಜ್ಞರಾಗಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಾವು ಕಲಿತ ಶಾಲೆಗೆ ಬಂದು ಅದರ ಜಾಲವನ್ನು ಪರೀಕ್ಷಿಸಿಕೊಡಲಿ. ಗಣಕಗಳನ್ನು ದಾನವಾಗಿತ್ತ ಮಹನೀಯರು ಅವುಗಳೊಡನೆ ಹೊಸ ಕಾಲಕ್ಕೆ ಒಪ್ಪುವ ಒಂದು ರೂಟರನ್ನೂ ನೀಡುವ ಬಗ್ಗೆ ಯೋಚಿಸಲಿ. ತಗಲುವ ವೆಚ್ಚ ಅಲ್ಪ. ಕಾಯಬೇಕಾದುದು ನೂರಾರು ಮಕ್ಕಳ ಹೆಸರು, ವಿಳಾಸ ಮತ್ತು ಅವರ ಮನೆಯವರು ನಮ್ಮಲ್ಲಿಟ್ಟ ನಂಬಿಕೆ.